ಯುರೋಪಿನ ಅರಣ್ಯ ಕಾಯಿದೆ ಮತ್ತು ನಮ್ಮ ನೆರಳಿನ ಕಾಫಿ

ಕಾಫಿ ಮಾರಲು ಹೋದ ಕಡೆ ತೂಕ, ತೇವಾಂಶ, ಔಟ್‌ಟರ್ನ್ ವಿಚಾರಿಸುವುದು ಹಳೆಯ ಪದ್ಧತಿ. ಈಚೆಗೆ ಅದರ ಜೊತೆಗೆ ತೋಟದ ಸರ್ವೆ ನಂಬರ್ ಯಾವುದು, ಮೊಬೈಲಿನಲ್ಲಿ ಜಾಗ ಗುರುತು ಮಾಡಿಸಿದ್ದೀರಾ ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಇದು ಯಾರಿಗೆ ಬೇಕು, ಇದರಿಂದ ನಾಳೆ ನಮ್ಮ ಜಮೀನಿಗೆ ಏನಾದರೂ ತೊಡಕು ಬಂದೀತೇ ಎಂದು ಸದಸ್ಯ ಬಾಂಧವರು ಸಂದೇಹಪಡುವುದು ಸಹಜವೇ. ಕೇಳುತ್ತಿರುವುದು ತೆರಿಗೆ ಇಲಾಖೆಯಲ್ಲ. ಪ್ರಶ್ನೆಯ ಮೂಲ ಇರುವುದು ಯುರೋಪಿನಲ್ಲಿ.

ಐರೋಪ್ಯ ಒಕ್ಕೂಟವು 2023ರಲ್ಲಿ ಅರಣ್ಯನಾಶದ ವಿರುದ್ಧ ಒಂದು ಕಾಯಿದೆ ಮಾಡಿತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನದ ಮಾಂಸ ಮತ್ತು ಚರ್ಮ, ಮರಮುಟ್ಟು ಹೀಗೆ ಏಳು ಮೂಲವಸ್ತುಗಳು ಹಾಗೂ ಅವುಗಳಿಂದ ತಯಾರಾದ ಹಲವು ಪದಾರ್ಥಗಳು ಇದಕ್ಕೆ ಒಳಪಡುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನಲ್ಲಿ ಬೆಳೆದ ಮಾಲು ಯುರೋಪಿನ ಮಾರುಕಟ್ಟೆಗೆ ಬರಕೂಡದು. ಬರುವ ಮಾಲು ಬೆಳೆದ ದೇಶದ ಕಾನೂನಿಗೆ ಅನುಸಾರವಾಗಿ ಬೆಳೆದದ್ದಾಗಿರಬೇಕು. ಯಾವ ಜಾಗದಲ್ಲಿ ಬೆಳೆಯಿತೆಂಬುದನ್ನು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು. ಕಾಯಿದೆಯ ತಿರುಳು ಇಷ್ಟೇ. ಲೆಕ್ಕ ಒಪ್ಪಿಸುವ ಹೊಣೆ ಅಲ್ಲಿನ ಆಮದುದಾರನದು. ತಪ್ಪಿದರೆ ಅವನಿಗೆ ಬೀಳುವ ದಂಡ ಸಣ್ಣದಲ್ಲ. ದಂಡದ ಮೇಲ್ಮಿತಿ ಅವನ ವಾರ್ಷಿಕ ವಹಿವಾಟಿನ ಶೇಕಡಾ 4ಕ್ಕಿಂತ ಕಡಿಮೆ ಇರಬಾರದೆಂದು ಕಾಯಿದೆಯಲ್ಲೇ ಹೇಳಿದೆ. ಆದುದರಿಂದ ಅವನು ನಮ್ಮ ರಫ್ತುದಾರನನ್ನು ಕೇಳುತ್ತಾನೆ, ರಫ್ತುದಾರ ಕ್ಯೂರಿಂಗ್ ವರ್ಕ್ಸನ್ನು ಕೇಳುತ್ತಾನೆ, ಅಲ್ಲಿಂದ ಪ್ರಶ್ನೆ ನಮ್ಮ ಕಣಕ್ಕೆ ಬಂದು ನಿಲ್ಲುತ್ತದೆ.

ಕಾಯಿದೆ ಜಾರಿಗೆ ಬರುವ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಮೊದಲು 2024ರ ಡಿಸೆಂಬರ್ ಎಂದಿದ್ದದ್ದು ಒಂದು ವರ್ಷ ಸರಿಯಿತು. ಮತ್ತೆ 2025ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯ ಪ್ರಕಾರ ದೊಡ್ಡ ಹಾಗೂ ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30 ಎಂದೂ, ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30 ಎಂದೂ ಗೊತ್ತುಪಡಿಸಲಾಯಿತು. ಇಲ್ಲಿ ಸಣ್ಣ ಸಂಸ್ಥೆ ಎಂದರೆ ಮಾಲನ್ನು ಯುರೋಪಿನ ಮಾರುಕಟ್ಟೆಗೆ ಇಳಿಸುವವರ ಪೈಕಿ ಸಣ್ಣವರು. ಸಣ್ಣ ಬೆಳೆಗಾರ ಎಂದಲ್ಲ. ನಮ್ಮ ಕಾಫಿ ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳ ಮೂಲಕವೇ ಹೋಗುವುದರಿಂದ ನಾವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೊದಲಿನ ತಾರೀಖನ್ನು. ಎರಡು ಸಲ ಮುಂದೂಡಿದ್ದು ಮೂರನೆಯ ಸಲವೂ ಮುಂದೆ ಹೋದೀತು ಎಂದು ಕೈಕಟ್ಟಿ ಕೂರುವವರೂ ಇದ್ದಾರೆ. ಆದರೆ ಕಾಡು ಕಡಿದ ತಾರೀಖು ಮಾತ್ರ ಎರಡು ಸಲವೂ ಬದಲಾಗಲಿಲ್ಲ; ಅದು 2020ರಲ್ಲಿಯೇ ನಿಂತಿದೆ ಎಂಬುದನ್ನು ಅವರು ಗಮನಿಸಬೇಕು.

ಹಿರಿಯ ಬೆಳೆಗಾರರಿಗೆ ಪೂಲ್ ಕಾಲ ನೆನಪಿರಬಹುದು. 1942ರ ಕಾಫಿ ಕಾಯಿದೆಯಡಿ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿದರೆ ಅಲ್ಲಿಗೆ ಮುಗಿಯಿತು. ಯಾರ ತೋಟದ್ದು ಯಾರದರ ಜೊತೆ ಬೆರೆಯಿತೆಂದು ಕೇಳುವವರಿರಲಿಲ್ಲ. ದರ್ಜೆಯೊಂದೇ ಅದರ ಗುರುತು. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಮುಕ್ತ ಮಾರಾಟ ಬಂತು. ಆಗಲೂ ಕೊಳ್ಳುವವನು ಕಾಳು ನೋಡಿ ಬೆಲೆ ಹೇಳುತ್ತಿದ್ದನೇ ಹೊರತು ಪಹಣಿ ನೋಡಿ ಅಲ್ಲ. ಈಗ ಬಂದಿರುವ ಬದಲಾವಣೆ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿದೀತು.

ಯುರೋಪನ್ನು ಬಿಟ್ಟು ಬೇರೆ ಕಡೆ ಮಾರಿದರಾಯಿತು ಎಂದು ಹೇಳುವುದು ಸುಲಭ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊರದೇಶಕ್ಕೆ ಹೋಗುತ್ತದೆ. ಅದರಲ್ಲಿ ಯುರೋಪಿನದೇ ಸಿಂಹಪಾಲು, ಇಟಲಿ, ಜರ್ಮನಿ, ಬೆಲ್ಜಿಯಂ ಮುಖ್ಯ ಗಿರಾಕಿಗಳು. 2024-25ರಲ್ಲಿ ಕಾಫಿ ರಫ್ತಿನಿಂದ ಬಂದ ಹಣ ಸುಮಾರು 180 ಕೋಟಿ ಡಾಲರ್. ರಷ್ಯಾ, ಕೊಲ್ಲಿ ದೇಶಗಳು ಇಂತಹ ಕಾಗದ ಕೇಳುವುದಿಲ್ಲ, ನಿಜ. ಆದರೆ ಕಾಗದ ಇಲ್ಲದ ಕಾಫಿ ಎಲ್ಲವೂ ಆ ಕಡೆಗೇ ಹರಿದರೆ ಅಲ್ಲಿನ ಬೆಲೆ ಏನಾದೀತು ಎಂಬುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಸುಂಕದ ವಿಷಯವೇ ಇದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಭಾರತ ಮತ್ತು ಐರೋಪ್ಯ ಒಕ್ಕೂಟದ ನಡುವೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಹಿಡಿದು, 2026ರ ಜನವರಿಯಲ್ಲಿ ಮುಗಿಯಿತೆಂದು ದೆಹಲಿಯಲ್ಲಿ ಘೋಷಿಸಲಾಯಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದ ಸುದ್ದಿ. ಆದರೆ ಹುರಿಯದ ಹಸಿ ಕಾಫಿಗೆ ಯುರೋಪಿನಲ್ಲಿ ಮೊದಲಿನಿಂದಲೂ ಸುಂಕವಿಲ್ಲ. ಸುಂಕ ಇದ್ದದ್ದು ಹುರಿದ ಕಾಫಿಗೆ, ಶೇಕಡಾ 7.5. ಚೀಲದಲ್ಲಿ ಹಸಿ ಕಾಳು ಮಾರುವ ನಮಗೆ ಬಾಗಿಲಲ್ಲಿ ನಿಂತಿರುವುದು ಸುಂಕದವನಲ್ಲ, ನಕ್ಷೆ ಹಿಡಿದವನು. ಬ್ರೆಜಿಲ್, ಇಂಡೋನೇಷ್ಯಾ, ಮಲೇಷ್ಯಾ ದೇಶಗಳು ಈ ಕಾಯಿದೆಯನ್ನು ಬಹಿರಂಗವಾಗಿಯೇ ವಿರೋಧಿಸಿದವು. ತಮ್ಮ ಕಾಡನ್ನು ಶತಮಾನಗಳ ಹಿಂದೆಯೇ ಕಡಿದು ಹೊಲ ಮಾಡಿಕೊಂಡವರು ಈಗ ನಮಗೆ ಲೆಕ್ಕ ಕೇಳುತ್ತಾರೆಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೂ ಕೊಳ್ಳುವವನು ಹಾಕಿದ ಷರತ್ತು ಅದು, ವಾದದಿಂದ ಮಾಲು ಹೊರಡುವುದಿಲ್ಲ.

ಇನ್ನು ನಮ್ಮ ಪಾಲಿನ ಮುಖ್ಯ ವಿಷಯಕ್ಕೆ ಬರೋಣ. ಬ್ರೆಜಿಲಿನ ಕಾಫಿ ಬಹುಪಾಲು ಬಿಸಿಲಿನಲ್ಲಿ ಸಾಲುಸಾಲಾಗಿ ಬೆಳೆಯುವಂಥದು. ಉಪಗ್ರಹದಿಂದ ನೋಡಿದರೆ ಅದು ಹೊಲ ಎಂಬುದು ಮಕ್ಕಳಿಗೂ ತಿಳಿಯುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟವನ್ನು ಮೇಲಿನಿಂದ ನೋಡಿದರೆ ಕಾಣುವುದು ಅತ್ತಿ, ಹಲಸು, ನಂದಿ, ಬೀಟೆ, ಹಾಲವಾಣಗಳ ತಲೆಯೇ ಹೊರತು ಕೆಳಗಿನ ಕಾಫಿ ಗಿಡವಲ್ಲ. ಯುರೋಪಿನ ಸಂಶೋಧನಾ ಕೇಂದ್ರವೊಂದು 2020ರ ಅರಣ್ಯ ಹೊದಿಕೆಯ ಜಾಗತಿಕ ನಕ್ಷೆ ತಯಾರಿಸಿ ಎಲ್ಲರಿಗೂ ತೆರೆದಿಟ್ಟಿದೆ. ಇಂತಹ ನಕ್ಷೆಗಳು ಮರದ ನೆರಳಿನ ತೋಟವನ್ನು ಕಾಡೆಂದು ತಿಳಿಯುವ ಸಂಭವ ಉಂಟು. 2020ರಲ್ಲಿ ಕಾಡು ಎಂದು ಬಣ್ಣ ಹಚ್ಚಿದ ಜಾಗದಿಂದ 2026ರಲ್ಲಿ ಕಾಫಿ ಬಂದರೆ, ನೋಡುವವನು ನಡುವೆ ಕಾಡು ಕಡಿದರೆಂದು ಸಂಶಯಪಡುತ್ತಾನೆ. ಅಜ್ಜನ ಕಾಲದ ತೋಟ ಕಾಗದದ ಮೇಲೆ ನಿನ್ನೆ ಮೊನ್ನೆ ಕಡಿದ ಕಾಡಾಗಿಬಿಡುತ್ತದೆ. ಮರ ಉಳಿಸಿಕೊಂಡವನಿಗೇ ಸಂಶಯದ ಕಾಟ ಹೆಚ್ಚು ಎಂಬುದು ಈ ವ್ಯವಸ್ಥೆಯ ವಿಪರ್ಯಾಸ.

ಆದರೆ ಕಾಯಿದೆಯ ಅಕ್ಷರ ನಮ್ಮ ಪರವಾಗಿಯೇ ಇದೆ. ಅದರ ಪ್ರಕಾರ ಕಾಡು ಎಂದರೆ ಅರ್ಧ ಹೆಕ್ಟೇರಿಗಿಂತ ಹೆಚ್ಚು ವಿಸ್ತಾರದ, 5 ಮೀಟರಿಗಿಂತ ಎತ್ತರದ ಮರಗಳು ಶೇಕಡಾ 10ಕ್ಕಿಂತ ಹೆಚ್ಚು ಜಾಗವನ್ನು ಮುಚ್ಚಿರುವ ಭೂಮಿ. ಆದರೆ ಮುಖ್ಯವಾಗಿ ಕೃಷಿಗೆ ಬಳಕೆಯಾಗುವ ಭೂಮಿ ಇದರಲ್ಲಿ ಸೇರುವುದಿಲ್ಲ. ಮರಗಳ ಹೊದಿಕೆಯ ಕೆಳಗೆ ಬೆಳೆ ಬೆಳೆಯುವ ಪದ್ಧತಿಯೂ ಕೃಷಿಯೇ ಎಂದು ಕಾಯಿದೆ ಸ್ಪಷ್ಟವಾಗಿ ಬರೆದಿದೆ. ಮೇಲೆ ಹೇಳಿದ ನಕ್ಷೆಗೂ ಕಾನೂನಿನ ಬಲವಿಲ್ಲ, ಅದು ನೆರವಿಗೆ ಮಾತ್ರ. ಅಂದರೆ 2020ರ ಮುಂಚೆಯೇ ಅಲ್ಲಿ ಕಾಫಿ ಇತ್ತೆಂದು ತೋರಿಸಲು ಸಾಧ್ಯವಾದರೆ ನಕ್ಷೆ ಏನೇ ಹೇಳಲಿ, ತೋಟ ತೋಟವೇ.

ಆದುದರಿಂದ ಯಾರೋ ಹೇಳಿದರೆಂದು, ತೋಟ ಬಯಲಾಗಿ ಕಂಡರೆ ಒಳ್ಳೆಯದೆಂದು, ಮರ ಇಳಿಸುವ ಯೋಚನೆ ಯಾರೂ ಮಾಡಬಾರದು. ಎಂದಿನ ಮರಗಸಿ ಬೇರೆ ಮಾತು, ಅದರಿಂದ ಬಾಧಕವಿಲ್ಲ. ಹಳೆಯ ಕಾಡುಮರ ತೆಗೆದು ಸಿಲ್ವರ್ ಓಕ್ ನೆಡುವುದು ನಮ್ಮಲ್ಲಿ ಈಗಾಗಲೇ ಬೇಕಾದಷ್ಟು ನಡೆದಿದೆ. ಅದಕ್ಕೆ ಕಾರಣವೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ. ಬೀಟೆ, ನಂದಿಗಾದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕಡಿಯಲು ಸುಲಭವಾದ ಮರವನ್ನೇ ರೈತ ನೆಡುತ್ತಾನೆ. ಆದರೆ ಹಕ್ಕಿಗೆ ಹಣ್ಣು ಕೊಡುವುದು ಅತ್ತಿಯೇ ವಿನಾ ಆಸ್ಟ್ರೇಲಿಯಾದ ಓಕ್ ಅಲ್ಲ. 2012ರಲ್ಲಿ ಪಶ್ಚಿಮ ಘಟ್ಟದ ಹಲವು ಅರಣ್ಯ ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಕಾಡುಗಳ ನಡುವೆ ಮಂಗಟ್ಟೆ ಹಕ್ಕಿ, ಮಲಬಾರ್ ಅಳಿಲುಗಳಿಗೆ ದಾರಿಯಾಗಿ ಉಳಿದಿರುವುದು ನಮ್ಮ ತೋಟಗಳ ನೆರಳೇ. ಯುರೋಪಿನ ಕಾಯಿದೆ ಕೃಷಿಭೂಮಿಯ ಒಳಗಿನ ಮರದ ಬಗ್ಗೆ ಏನನ್ನೂ ಕೇಳುವುದಿಲ್ಲ, ಉಳಿಸಿದವನಿಗೆ ಒಂದು ಕಾಸು ಹೆಚ್ಚು ಕೊಡೆಂದೂ ಹೇಳುವುದಿಲ್ಲ. ಇದು ಅದರ ದೊಡ್ಡ ಕೊರತೆ ಎಂಬುದೇ ನಮ್ಮ ಅಭಿಪ್ರಾಯ.

ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಬಾಣೆಯಲ್ಲಿಯೋ ಸೊಪ್ಪಿನ ಬೆಟ್ಟದಲ್ಲಿಯೋ ಕಾಡಾಗಿಯೇ ಉಳಿದಿದ್ದ ತುಂಡನ್ನು 2021ರಲ್ಲೋ 22ರಲ್ಲೋ ಸವರಿ ಕಾಫಿ ಇಟ್ಟಿದ್ದರೆ ಆ ಕಾಫಿ ಯುರೋಪಿಗೆ ಹೋಗಲಾರದು. ಇಲ್ಲಿನ ಕಾನೂನಿಗೆ ಅದು ಸರಿಯೋ ತಪ್ಪೋ ಎಂಬುದು ಈ ಮಟ್ಟಿಗೆ ಪ್ರಶ್ನೆಯಲ್ಲ. ತಾರೀಖಿನ ನಂತರ ಕಾಡು ಹೋಗಿದ್ದರೆ ಮುಗಿಯಿತು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಹೊಸ ಜಾಗಕ್ಕೆ ಕೈಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಅಂತಹ ತುಂಡಿನ ಕಾಫಿಯನ್ನು ಹಳೆಯ ತೋಟದ ಕಾಫಿಗೆ ಬೆರೆಸಿದರೆ ಹಳೆಯದೂ ಕೆಟ್ಟಂತೆ.

ಈ ಬೆರಕೆಯ ನಿಯಮವೇ ಸಹಕಾರ ಸಂಘಗಳಿಗೆ ಕಠಿಣವಾದದ್ದು. ದೇಶದ ಸುಮಾರು 4 ಲಕ್ಷ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಜಮೀನಿನವರು. ಎರಡು ಎಕರೆಯಲ್ಲಿ ಸುಮಾರು ಒಂದು ಟನ್ ರೊಬಸ್ಟಾ ತೆಗೆಯುವ ಇಪ್ಪತ್ತು ಮಂದಿಯ ಕಾಫಿ ಸೇರಿದರೆ ಒಂದು ಕಂಟೇನರ್ ಆಗುತ್ತದೆ. ಅದರಲ್ಲಿ ಹತ್ತೊಂಬತ್ತು ಮಂದಿಯ ಜಾಗದ ಗುರುತು ಇದ್ದು ಒಬ್ಬನದು ಇಲ್ಲದಿದ್ದರೆ, ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಸರಿ ಎಂದು ಲೆಕ್ಕ ಹಿಡಿಯಲು ಕಾಯಿದೆ ಬಿಡುವುದಿಲ್ಲ. ಬೇರ್ಪಡಿಸಲಾಗದಂತೆ ಬೆರೆತಿದ್ದರೆ ಇಡೀ ಕಂಟೇನರೇ ನಿಲ್ಲಬೇಕು. ಇಂತಹ ತಾಪತ್ರಯದಲ್ಲಿ ವ್ಯಾಪಾರಿ ಏನು ಮಾಡುತ್ತಾನೆ? ಇಪ್ಪತ್ತು ಮನೆ ಸುತ್ತುವ ಬದಲು ಒಂದೇ ದೊಡ್ಡ ಎಸ್ಟೇಟಿಗೆ ಹೋಗುತ್ತಾನೆ. ಕಾಯಿದೆಯಿಂದ ಸಣ್ಣ ಬೆಳೆಗಾರನಿಗೆ ನಷ್ಟವಾಗುವುದಾದರೆ ಅದು ಈ ದಾರಿಯಲ್ಲಿ, ಯಾವ ಅಧಿಕಾರಿಯೂ ಬಾಗಿಲಿಗೆ ಬರದೆ.

2025ರ ಮೇ ತಿಂಗಳಲ್ಲಿ ಯುರೋಪ್ ಎಲ್ಲ ದೇಶಗಳನ್ನು ಮೂರು ವರ್ಗ ಮಾಡಿದಾಗ ಭಾರತವನ್ನು ಕಡಿಮೆ ಅಪಾಯದ ವರ್ಗದಲ್ಲಿ ಇಟ್ಟಿತು. ಬ್ರೆಜಿಲ್, ಇಂಡೋನೇಷ್ಯಾ ನಡುವಣ ವರ್ಗದಲ್ಲಿವೆ. ರೊಬಸ್ಟಾದಲ್ಲಿ ನಮ್ಮ ಎದುರಾಳಿಯಾದ ವಿಯೆಟ್ನಾಂ ನಮ್ಮ ಸಾಲಿನಲ್ಲೇ ಇದೆ. ಇದರಿಂದ ತಪಾಸಣೆ ಕಡಿಮೆ, ಆಮದುದಾರನ ಕೆಲಸ ಹಗುರ. ಆದರೆ ಜಾಗದ ಗುರುತಿನಿಂದ ವಿನಾಯಿತಿ ಇಲ್ಲ.

ಗುರುತು ಮಾಡುವ ಬಗೆ ಹೀಗೆ. ಜಮೀನು 4 ಹೆಕ್ಟೇರಿನವರೆಗೆ, ಅಂದರೆ ಸುಮಾರು 9 ಎಕರೆ 35 ಗುಂಟೆಯವರೆಗೆ ಇದ್ದರೆ ತೋಟದ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಎಲ್ಲೆಯ ಸುತ್ತ ಗುರುತು ಹಾಕಿಸಬೇಕು. ಬೇರೆ ಬೇರೆ ಕಡೆ ತುಂಡುಗಳಿದ್ದರೆ ಒಂದೊಂದಕ್ಕೂ ಬೇರೆ ಗುರುತು. ಅಂಕಿಯನ್ನು ಆರು ದಶಾಂಶ ಸ್ಥಾನದವರೆಗೆ ಕೊಡಬೇಕಂತೆ. ಆರನೆಯ ಸ್ಥಾನವೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್, ಅರ್ಧ ಗೇಣು. ಮರದ ಕೆಳಗೆ ನಿಂತ ಮೊಬೈಲು ಹತ್ತು ಗಜ ಆಚೀಚೆ ತೋರಿಸುವುದುಂಟು. ಆದುದರಿಂದ ದಟ್ಟ ನೆರಳು ಬಿಟ್ಟು, ತೋಟದ ಒಳಗೇ ಸ್ವಲ್ಪ ಆಕಾಶ ಕಾಣುವ ಕಡೆ ನಿಂತು, ಅಂಕಿ ಸ್ಥಿರವಾಗುವವರೆಗೆ ಕಾದು ತೆಗೆಯಿರಿ. ಮನೆಯ ಜಗಲಿಯಲ್ಲಿ ಕುಳಿತು ತೆಗೆದರೆ ಮನೆಯ ಗುರುತು ಬರುತ್ತದೆ, ತೋಟದ್ದಲ್ಲ. ಕಾಫಿ ಮಂಡಳಿಯು ಇದಕ್ಕಾಗಿಯೇ ‘ಇಂಡಿಯಾ ಕಾಫಿ’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಬೆಳೆಗಾರರ ನೋಂದಣಿ ಆರಂಭಿಸಿದೆ.

ಕಾಗದದ ವಿಷಯ ಇದಕ್ಕಿಂತ ತೊಡಕಿನದು. ನೆಲದ ಹಕ್ಕು ಕಾನೂನುಬದ್ಧವಾಗಿರಬೇಕೆಂಬುದೂ ಷರತ್ತು. ನಮ್ಮಲ್ಲಿ ಎಷ್ಟೋ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಪೋಡಿ ಮಾಡಿಸಿಲ್ಲ. ಕೊಡಗಿನ ಜಮ್ಮಾ ಜಮೀನಿನ ಕಥೆ ಬೇರೆಯೇ. ಒತ್ತುವರಿ ಜಮೀನಿನ ಮಟ್ಟಿಗೆ, 2005ಕ್ಕೆ ಮುಂಚಿನಿಂದ ತೋಟದ ಬೆಳೆ ಇದ್ದ ಸರ್ಕಾರಿ ಭೂಮಿಯನ್ನು 25 ಎಕರೆ ಮೀರದಂತೆ 30 ವರ್ಷದ ಗುತ್ತಿಗೆಗೆ ಕೊಡಲು ರಾಜ್ಯ ಸರ್ಕಾರ ಭೂಕಂದಾಯ ಕಾಯಿದೆಗೆ ತಿದ್ದುಪಡಿ ತಂದಿತು. ಗುತ್ತಿಗೆ ಪತ್ರ ಕೈಗೆ ಬಂದವನ ಬಳಿ ಒಂದು ದಾಖಲೆ ಇದೆ; ಅರ್ಜಿ ಕೊಟ್ಟು ಕುಳಿತವನ ಬಳಿ ಇರುವುದು ಸ್ವೀಕೃತಿ ಚೀಟಿ ಮಾತ್ರ. ಯಾವುದೇ ಆಗಲಿ, 2020ಕ್ಕೆ ಹಿಂದಿನ ಪಹಣಿಯಲ್ಲಿ ಬೆಳೆಯ ಕಾಲಂನಲ್ಲಿ ‘ಕಾಫಿ’ ಎಂದು ಬರೆದಿದೆಯೇ ಎಂಬುದನ್ನು ಮೊದಲು ನೋಡಿ ಪ್ರತಿ ತೆಗೆಸಿಡಿ. ಹಳೆಯ ಮಾರಾಟದ ಬಿಲ್ಲು, ಮಂಡಳಿಯ ಸಹಾಯಧನದ ಪತ್ರ, ಬೆಳೆಸಾಲದ ಕಾಗದ ಇವೂ ಒಳ್ಳೆಯ ಸಾಕ್ಷಿಗಳೇ. ಅಟ್ಟದ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿಯುವ ಮೊದಲು ಇಳಿಸಿ ನೋಡಬೇಕು.

ಅಡಿಕೆ ಬೆಳೆಗಾರರು ಕೇಳಬಹುದು, ನಮಗೇನು ಎಂದು. ಅಡಿಕೆ, ಕಾಳುಮೆಣಸು, ಏಲಕ್ಕಿ ಈ ಪಟ್ಟಿಯಲ್ಲಿಲ್ಲ. ಆದರೆ ಅಡಿಕೆ ತೋಟದ ಒಳಗೆ ರೊಬಸ್ಟಾವನ್ನೋ ಕೋಕೋವನ್ನೋ ಉಪಬೆಳೆಯಾಗಿ ಇಟ್ಟವರು ಅನೇಕರಿದ್ದಾರೆ. ಆ ಕಾಫಿಗೂ ಕೋಕೋಗೂ ಇದೇ ನಿಯಮ. ಗುಡ್ಡದಲ್ಲಿ ರಬ್ಬರ್ ಹಾಕಿದ ಕರಾವಳಿಯ ಸದಸ್ಯರೂ ಗಮನಿಸಬೇಕು: ಟಯರ್ ಕೂಡ ಪಟ್ಟಿಯಲ್ಲಿರುವುದರಿಂದ ಯುರೋಪಿಗೆ ಟಯರ್ ಕಳಿಸುವ ಕಾರ್ಖಾನೆ ರಬ್ಬರ್ ಶೀಟು ಕೊಳ್ಳುವಾಗ ಇದೇ ಪ್ರಶ್ನೆ ಕೇಳುತ್ತದೆ. ರಬ್ಬರ್ ಮಂಡಳಿಯೂ ತೋಟಗಳ ಗುರುತಿನ ಕೆಲಸಕ್ಕೆ ಕೈಹಾಕಿದೆ. ಕಾಫಿ, ರಬ್ಬರ್ ಎರಡೂ ಇದ್ದವರು ಎರಡು ಕಡೆಯೂ ಬೇರೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಸರ್ವೆ ನಂಬರ್ ಮತ್ತು ವಿಸ್ತೀರ್ಣ ಎರಡರಲ್ಲಿಯೂ ಒಂದೇ ರೀತಿ ಬರೆಸಿರಿ.