ಮಸ್ಟಾಂಗ್‌ಗೆ ಯಾವ ಪ್ಲಗ್?

ಯಶವಂತಪುರದ ಕಾರ್ಖಾನೆಗಳ ಬೀದಿಯ ಒಂದು ಶೆಡ್ಡಿನಲ್ಲಿ 1966ರ ಫೋರ್ಡ್ ಮಸ್ಟಾಂಗ್ ಬಾನೆಟ್ ಎತ್ತಿಕೊಂಡು ನಿಂತಿತ್ತು. ವಿ ಆಕಾರದಲ್ಲಿ ಎಂಟು ಸಿಲಿಂಡರು, 289 ಕ್ಯುಬಿಕ್ ಇಂಚು. ನಮ್ಮ ಲೆಕ್ಕಕ್ಕೆ 4.7 ಲೀಟರ್. ಬಿಚ್ಚಿದ ಎಂಟೂ ಪ್ಲಗ್‌ಗಳನ್ನು ಮೇಸ್ತ್ರಿ ಸಿಲಿಂಡರ್ ನಂಬರಿನ ಪ್ರಕಾರ ರಟ್ಟಿನ ಮೇಲೆ ಸಾಲಾಗಿ ಇಟ್ಟಿದ್ದರು. ಒಂದನ್ನು ಕೈಗೆತ್ತಿಕೊಂಡೆ. ಅಂಬಾಸಡರ್, ಪದ್ಮಿನಿ, ಯೆಜ್ಡಿಗಳ ಪ್ಲಗ್ ಹಿಡಿದು ಬೆಳೆದ ಕೈಗೆ ಅದು ವಿಪರೀತ ದಪ್ಪ. ಮೇಸ್ತ್ರಿ ಮಾಮೂಲಿ ಪ್ಲಗ್ ಒಂದನ್ನು ಹೆಡ್ಡಿನ ತೂತಿಗೆ ಹಿಡಿದರು. ಥ್ರೆಡ್ ಎಲ್ಲೂ ಕಚ್ಚಲೇ ಇಲ್ಲ.

"ಇದು 14, ಅದು 18 ಸಾರ್. ಜೆ.ಸಿ. ರೋಡ್ ಪೂರ್ತಿ ಸುತ್ತಿದೆ, ಒಂದು ಅಂಗಡೀಲೂ ಇಲ್ಲ."

18 ಮಿ.ಮೀ. ಪ್ಲಗ್ ಆ ಕಾಲದ ಫೋರ್ಡ್ ಸಣ್ಣ ವಿ8ಗಳ ಗುರುತು. ಅದಕ್ಕೆ ವಾಷರ್ ಇರುವುದಿಲ್ಲ. ಪ್ಲಗ್‌ನ ಓರೆ ಅಂಚೇ ಹೆಡ್ಡಿನ ಓರೆಯಲ್ಲಿ ಕೂತು ಕಂಪ್ರೆಶನ್ ಹಿಡಿಯುತ್ತದೆ. ವಾಷರ್ ಪ್ಲಗ್ ಬಿಗಿದ ಅಭ್ಯಾಸದಲ್ಲಿ ಇನ್ನರ್ಧ ಸುತ್ತು ತಿರುಗಿಸಿದಿರೋ, ಬಿಚ್ಚುವಾಗ ಫಜೀತಿ. ಕಾರಿಗೆ ಕಂಪನಿ ಹೇಳಿದ್ದು ಆಟೊಲೈಟ್ ಬಿಎಫ್42, ಗ್ಯಾಪ್ 0.034 ಇಂಚು. ಈಗ ಅದರ ಜಾಗದಲ್ಲಿ ಸಿಗುವುದು ಆಟೊಲೈಟ್ 45. ಅದಕ್ಕಿಂತ ಒಂದು ಮೆಟ್ಟಿಲು ಬಿಸಿ ಬೇಕಿದ್ದರೆ 46. ಆರ್.ಟಿ. ನಗರದ ಮಾಲೀಕರು ಅಮೆರಿಕದಲ್ಲಿರುವ ಮಗಳಿಂದ ಎರಡನ್ನೂ ತರಿಸಿಟ್ಟಿದ್ದರು. ಅವರಿಗೆ ಕಂಪನಿ ಹೇಳಿದ್ದೇ ಸರಿ, 45 ಸಾಕು. ಮೇಸ್ತ್ರಿಗೆ 46 ಬೇಕು. ನಾನು ಪೂರ್ತಿ ಮೇಸ್ತ್ರಿಯ ಕಡೆ.

ಬಿಸಿ ಪ್ಲಗ್ ಅಂದರೆ ಜೋರು ಕಿಡಿ ಕೊಡುವ ಪ್ಲಗ್ ಎಂದು ನಂಬಿದವರು ಇಂದಿಗೂ ಬಹಳ. ಹಾಗಲ್ಲ. ತುದಿಯ ಬಿಳಿ ಪಿಂಗಾಣಿ ಮೂಗು ಉದ್ದವಿದ್ದರೆ ಶಾಖ ಹೆಡ್ಡಿಗೆ ಇಳಿಯುವ ದಾರಿಯೂ ಉದ್ದ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಮೂಗು ಗಿಡ್ಡವಿದ್ದರೆ ಬೇಗ ತಣಿಯುತ್ತದೆ. ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಡಿದ ಕಾರ್ಬನ್ ತಾನೇ ಉರಿದುಹೋಗುತ್ತದೆ. 850ರ ಆಚೆ ಹೋದರೆ ಕಿಡಿಗೂ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ಸಂಚಕಾರ. ಪ್ಲಗ್ ಆರಿಸುವುದೆಂದರೆ ನಿಮ್ಮ ಓಡಾಟಕ್ಕೆ ತುದಿ ಈ ಎರಡರ ನಡುವೆ ನಿಲ್ಲುವಂತೆ ನೋಡಿಕೊಳ್ಳುವುದು, ಅಷ್ಟೇ.

ಓಡಾಟವೋ, ಬೆಂಗಳೂರಿನದು. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳು. ಕಾರ್ಬುರೇಟರಿಗೆ ಅದು ತಿಳಿಯದು; ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಇನ್ನೊಂದೆಡೆ ಬಂಕ್‌ನಲ್ಲಿ ಈಗ ಸಿಗುವ ಇ20 ಪೆಟ್ರೋಲಿನ ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ಎತ್ತರ ಹೆಚ್ಚಿಸಿದ್ದನ್ನು ಎಥನಾಲ್ ಕಳೆಯುತ್ತದೆ. ಅದಕ್ಕೇ ಮೇಸ್ತ್ರಿ ಜೆಟ್ ಮುಟ್ಟಲಿಲ್ಲ. ಉಳಿಯುವುದು ಟ್ರಾಫಿಕ್. ಹೆಬ್ಬಾಳ ಫ್ಲೈಓವರ್ ಹತ್ತುವವರೆಗೆ ಈ ಎಂಜಿನ್ ಮೊದಲ ಗೇರಿನಲ್ಲಿ ಗೊಣಗುತ್ತ ನಿಂತರೆ ಪ್ಲಗ್ ತುದಿ 450 ಮುಟ್ಟುವುದೆಂತು? ರಟ್ಟಿನ ಮೇಲಿದ್ದ ಏಳು ಪ್ಲಗ್‌ಗಳಿಗೆ ಒಣ ಮಸಿ ಹಿಡಿದಿತ್ತು. ಐದನೆಯದು ಮಾತ್ರ ಎಣ್ಣೆಯಿಂದ ಒದ್ದೆ. ಒಣ ಮಸಿಗೆ ಬಿಸಿ ಪ್ಲಗ್ ಮದ್ದು. ಎಣ್ಣೆಗೆ ಯಾವ ಪ್ಲಗ್ಗೂ ಮದ್ದಲ್ಲ. ಹೈದರಾಬಾದ್ ಹೈವೇಯಲ್ಲಿ ಗಂಟೆಗಟ್ಟಲೆ ಒದೆಯುವವರಾದರೆ 45ನ್ನೇ ಹಾಕುತ್ತಿದ್ದೆ ಎಂದು ಮೇಸ್ತ್ರಿಯೇ ಹೇಳಿದರು.

ನಂಬರುಗಳ ಗೋಜಲು ಬೇರೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ನೆಲೆಯೂರಿದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಮೈಕೊದ ಹಳೇ ಪ್ಲಗ್‌ಗಳಲ್ಲಿ ಡಬ್ಲ್ಯು 175ಕ್ಕಿಂತ 225 ತಣ್ಣಗೆ. ಬಾಷ್‌ನ ಹೊಸ ನಂಬರಿನಲ್ಲಿ ಇದು ತಿರುವುಮುರುವು: 7ಕ್ಕಿಂತ 5 ತಣ್ಣಗೆ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ತಣ್ಣಗೆ. ಆಟೊಲೈಟ್, ಚಾಂಪಿಯನ್, ಎಸಿಗಳಲ್ಲಿ ಏರಿದಷ್ಟೂ ಬಿಸಿ.

ಚಾಂಪಿಯನ್ ಎಂದ ಮೇಲೆ ಆಲ್ಬರ್ಟ್ ಚಾಂಪಿಯನ್ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪ್ಯಾರಿಸಿನ ಬಡ ಹುಡುಗ, ಸೈಕಲ್ ಪಟು. 1899ರ ಪ್ಯಾರಿಸ್–ರೂಬೆ ರೇಸ್ ಗೆದ್ದವನು. ಅಮೆರಿಕಕ್ಕೆ ಹೋಗಿ 1905ರಲ್ಲಿ ಬಾಸ್ಟನ್ನಿನಲ್ಲಿ ತನ್ನ ಹೆಸರಿನ ಕಂಪನಿ ತೆರೆದ. ಬಂಡವಾಳದ ಪಾಲುದಾರರು ಸ್ಟ್ರಾನಹನ್ ಸೋದರರು. 1908ರಲ್ಲಿ ಜನರಲ್ ಮೋಟಾರ್ಸ್‌ನ ಡ್ಯುರಾಂಟ್ ಕರೆದನೆಂದು ಫ್ಲಿಂಟ್ ಊರಿಗೆ ಹೊರಟ. ಹೆಸರು ಮಾತ್ರ ಹಳೇ ಪಾಲುದಾರರ ಬಳಿಯೇ ಉಳಿಯಿತು. ಅವರು ಟೊಲೀಡೊದಲ್ಲಿ ಚಾಂಪಿಯನ್ ಪ್ಲಗ್ ಮಾಡಿ ಫೋರ್ಡಿಗೆ ಕೊಟ್ಟರು. ಅವನು ತನ್ನದೇ ಹೆಸರು ಬಳಸಲಾಗದೆ ಮೊದಲಕ್ಷರಗಳಲ್ಲಿ ಎಸಿ ಪ್ಲಗ್ ಮಾಡಿ ಷೆವ್ರೊಲೆಗೆ ಕೊಟ್ಟ. ಅಮೆರಿಕದ ಎರಡು ಬದ್ಧವೈರಿ ಕಾರುಗಳ ಬಾನೆಟ್ಟಿನಡಿ ದಶಕಗಟ್ಟಲೆ ಒಬ್ಬನದೇ ಹೆಸರು! 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ್ದು ಎಸಿ ಪ್ಲಗ್‌ಗಳಿಂದ. ಅದೇ ವರ್ಷ ಆಲ್ಬರ್ಟ್ ತೀರಿಕೊಂಡ. 1961ರಲ್ಲಿ ಫೋರ್ಡ್ ಆಟೊಲೈಟ್ ಹೆಸರನ್ನೂ ಅದರ ಪ್ಲಗ್ ಕಾರ್ಖಾನೆಯನ್ನೂ ಕೊಂಡಿತು, ಹೀಗೆ ಮಸ್ಟಾಂಗ್‌ಗೆ ಆಟೊಲೈಟ್ ಬಂತು. ಪೈಪೋಟಿಗೆ ಧಕ್ಕೆಯೆಂದು 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಬಿಟ್ಟುಕೊಡಿಸಿತು.

ಇರಿಡಿಯಂ ಹಾಕಬಾರದೇ ಎಂದು ಮಾಲೀಕರು ಕೇಳಿದರು. ಲಕ್ಷ ಕಿಲೋಮೀಟರ್ ಪ್ಲಗ್ ಬಿಚ್ಚಲೇಬಾರದ ಹೊಸ ಕಾರಿಗೆ ಅದು ಒಳ್ಳೆಯದು. ಭಾನುವಾರ ಮಾತ್ರ ಹೊರಬೀಳುವ, ಪಾಯಿಂಟ್ ಇಗ್ನಿಷನ್ನಿನ, ಮಸಿ ಕಟ್ಟುವ ಎಂಜಿನ್ನಿಗೆ ಸಾದಾ ಪ್ಲಗ್ಗೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಚ್ಚಬೇಕು, ನೋಡಬೇಕು, ಫೀಲರ್ ಗೇಜ್ ಹಾಕಿ ಗ್ಯಾಪ್ ಸರಿಮಾಡಬೇಕು. ಇಂಥ ಕಾರು ಇಟ್ಟುಕೊಳ್ಳುವ ಸಂತೋಷವೇ ಅದರಲ್ಲಿದೆ.

ಮೇಸ್ತ್ರಿ ಎಂಟೂ 46 ಕೂರಿಸಿ ವೈರ್ ಹಾಕುವಾಗ 7 ಮತ್ತು 8ನ್ನು ದೂರ ದೂರ ಕಟ್ಟಿದರು. ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-5-4-2-6-3-7-8. ಪಕ್ಕಪಕ್ಕದ ಎರಡು ಸಿಲಿಂಡರ್ ಒಂದರ ಹಿಂದೊಂದು ಹೊಡೆಯುತ್ತವೆ. ವೈರುಗಳು ಜೊತೆಯಾಗಿ ಓಡಿದರೆ 7ರ ಕಿಡಿ 8ಕ್ಕೂ ಹಾರಿ ಎಂಜಿನ್ ಮಿಸ್ ಹೊಡೆಯುತ್ತದೆ, ಬೈಗುಳ ಪ್ಲಗ್ಗಿಗೆ ಬೀಳುತ್ತದೆ.

ಸೀಸವಿಲ್ಲದ ಪೆಟ್ರೋಲಿನಲ್ಲಿ ಹೊಸ ಪ್ಲಗ್ ಒಂದೇ ಸುತ್ತಿಗೆ ಬಣ್ಣ ತೋರಿಸುವುದಿಲ್ಲ. ಹಾಗಾಗಿ ಕೆಲವು ವಾರ ಓಡಿಸಿದ ಮೇಲೆ ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆಯವರೆಗೆ ಹೋದೆವು. ಒಂದೇ ವೇಗದಲ್ಲಿ ಎಳೆದು, ನ್ಯೂಟ್ರಲ್ ಮಾಡಿ, ಇಗ್ನಿಷನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿದರು. ಏಳು ತಿಳಿಕಂದು. ಐದನೆಯದು ಮತ್ತೆ ಎಣ್ಣೆ. ವಾಲ್ವ್ ಸೀಲ್ ಹೋಗಿದೆ ಎಂದು ಮೇಸ್ತ್ರಿಗೆ ಈಗ ಖಾತ್ರಿ. ಸೀಲ್ ಬರುವವರೆಗೆ ಆ ಸಿಲಿಂಡರಿಗೆ ಹಳೇ ಪ್ಲಗ್ಗನ್ನೇ ಉಜ್ಜಿ ಹಾಕಿ, ಹೊಸದನ್ನು ಒರೆಸಿ ಡಬ್ಬಿಗೆ ಸೇರಿಸಿದ್ದಾರೆ.