ಊರು ಬಿಟ್ಟರೂ ಜೆರ್ಸಿ ಬಿಡದವರು

2022ರ ಜುಲೈ 24ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಗೇಲಿಕ್ ಫುಟ್‌ಬಾಲಿನ ಅಖಿಲ ಐರ್ಲೆಂಡ್ ಫೈನಲ್ ನಡೆಯಿತು. ಕೆರಿ ಕೌಂಟಿ ಗೆದ್ದಿತು, ಗಾಲ್ವೇ ಸೋತಿತು. ಗೆದ್ದ ತಂಡದ ಡೇವಿಡ್ ಕ್ಲಿಫರ್ಡ್ ಎಂಟು ಪಾಯಿಂಟ್ ಹೊಡೆದರು, ಸೋತ ತಂಡದ ಶೇನ್ ವಾಲ್ಷ್ ಒಂಬತ್ತು ಹೊಡೆದರು. ಆ ದಿನ ಇಬ್ಬರಿಗೂ ಸಮನಾದ ಹೊಗಳಿಕೆ ಸಿಕ್ಕಿತು. ಕೆಲವೇ ದಿನಗಳಲ್ಲಿ ವಾಲ್ಷ್ ತಮ್ಮ ಹುಟ್ಟೂರಿನ ಕಿಲ್ಕೆರಿನ್-ಕ್ಲಾನ್ಬರ್ನ್ ಕ್ಲಬ್ಬನ್ನು ಬಿಟ್ಟು ಡಬ್ಲಿನ್ನಿನ ಕಿಲ್ಮಕಡ್ ಕ್ರೋಕ್ಸ್ ಸೇರುತ್ತಾರೆಂಬ ಸುದ್ದಿ ಬಂತು. ಆಗ ದೇಶವೇ ಎರಡು ಪಾಲಾಗಿ ಮಾತಾಡಿತು.

ಈ ವರ್ಗಾವಣೆಯಲ್ಲಿ ಕೈಬದಲಾದ ದುಡ್ಡು ಸೊನ್ನೆ. ಹರಾಜಿಲ್ಲ, ಸಂಬಳವಿಲ್ಲ, ಒಪ್ಪಂದದ ಮೊತ್ತವಿಲ್ಲ. ಹಾಗಿದ್ದರೆ ಇಷ್ಟು ಗದ್ದಲವೇಕೆ? ಅಲ್ಲಿನ ಕ್ಲಬ್ಬು ನಡೆಯುವ ಬಗೆ ತಿಳಿದರೆ ಅದಕ್ಕೆ ಉತ್ತರ ಸಿಗುತ್ತದೆ.

ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ, ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಸ್ ಹೋಟೆಲಿನಲ್ಲಿ. ಮುಂದೆ ನಿಂತವರು ಮೈಕಲ್ ಕ್ಯೂಸಾಕ್, ಮೊದಲ ಅಧ್ಯಕ್ಷರು ಮಾರಿಸ್ ಡೇವಿನ್. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಐರಿಷ್ ಆಟಗಳನ್ನು ಉಳಿಸಿಕೊಳ್ಳುವುದು ಅವರ ಗುರಿ. ಮುಖ್ಯ ಆಟಗಳು ಎರಡು. ಕೈ-ಕಾಲು ಎರಡನ್ನೂ ಬಳಸಿ ಆಡುವುದು ಗೇಲಿಕ್ ಫುಟ್‌ಬಾಲ್. ಆಶ್ ಮರದ ಅಗಲ ತುದಿಯ ಕೋಲಿನಿಂದ ಚಿಕ್ಕ ಗಟ್ಟಿ ಚೆಂಡನ್ನು ಬೀಸಿ ಹೊಡೆಯುವುದು ಹರ್ಲಿಂಗ್. ಎರಡರಲ್ಲೂ ಒಂದೊಂದು ಕಡೆಗೆ ಹದಿನೈದು ಮಂದಿ. ಚೆಂಡು ಬಲೆಗೆ ಬಿದ್ದರೆ ಗೋಲು, ಅದು ಮೂರು ಪಾಯಿಂಟ್‌ಗೆ ಸಮ. ಅಡ್ಡಪಟ್ಟಿಯ ಮೇಲಿಂದ ಹಾದರೆ ಒಂದು ಪಾಯಿಂಟ್. 2025ರಿಂದ ಫುಟ್‌ಬಾಲಿನಲ್ಲಿ ನಲವತ್ತು ಮೀಟರ್ ಗೆರೆಯ ಹೊರಗಿನಿಂದ ಹೊಡೆದ ಪಾಯಿಂಟ್‌ಗೆ ಎರಡರ ಬೆಲೆ ಬಂದಿದೆ. ಅಂಕಪಟ್ಟಿಯಲ್ಲಿ 1-11 ಎಂದಿದ್ದರೆ ಒಂದು ಗೋಲು, ಹನ್ನೊಂದು ಪಾಯಿಂಟ್, ಒಟ್ಟು ಹದಿನಾಲ್ಕು ಎಂದು ಓದಿಕೊಳ್ಳಬೇಕು.

ಯಾವ ಆಟಗಾರನಿಗೂ ಸಂಬಳವಿಲ್ಲ. ಎಂಬತ್ತೆರಡು ಸಾವಿರ ಜನ ಹಿಡಿಯುವ ಕ್ರೋಕ್ ಪಾರ್ಕನ್ನು ತುಂಬಿಸಿದವನೂ ಸೋಮವಾರ ಬೆಳಿಗ್ಗೆ ಶಾಲೆಗೆ ಪಾಠ ಮಾಡಲು ಹೋಗಬೇಕು, ಇಲ್ಲವೇ ಹೊಲದ ಕೆಲಸಕ್ಕೆ ಇಳಿಯಬೇಕು. ಕೌಂಟಿ ತಂಡಕ್ಕೆ ಆಡುವವರಿಗೆ ಪ್ರಯಾಣದ ಖರ್ಚಿನಂಥ ಭತ್ಯೆ ಸಿಗುತ್ತದೆ, ಸಂಬಳವಲ್ಲ. ಕ್ಲಬ್ಬಿನಲ್ಲಿ ತಿರುಗಿ ಆಟಗಾರನೇ ವರ್ಷದ ಸದಸ್ಯತ್ವ ಶುಲ್ಕ ಕಟ್ಟುತ್ತಾನೆ. ಮೈದಾನದ ಹುಲ್ಲು ಕತ್ತರಿಸುವುದು, ಮಕ್ಕಳಿಗೆ ತರಬೇತಿ, ವಾರದ ಲಾಟರಿ ಚೀಟಿ ಮಾರುವುದು, ಪಂದ್ಯ ಮುಗಿದ ಮೇಲೆ ಚಹಾ ಕಾಯಿಸುವುದು ಎಲ್ಲವೂ ಊರಿನವರ ಬಿಟ್ಟಿ ದುಡಿಮೆ. ದುಡ್ಡಿನ ನಂಟು ಇಲ್ಲದ ಕಡೆ ಆಟಗಾರನನ್ನು ಕಟ್ಟಿಹಾಕುವುದು ಊರಿನ ಋಣ. ಆದರೆ ಋಣವೆಂದರೆ ಬರೀ ಭಾವನೆಯಲ್ಲ, ಅದರ ಹಿಂದೆ ಲಿಖಿತ ನಿಯಮವಿದೆ.

ಅದರ ಹೆಸರು ಪ್ಯಾರಿಷ್ ರೂಲ್. ಪ್ಯಾರಿಷ್ ಎಂದರೆ ಒಂದು ಕ್ಯಾಥೊಲಿಕ್ ಚರ್ಚಿನ ವ್ಯಾಪ್ತಿಗೆ ಬರುವ ಊರು-ಕೇರಿ. ಹಳ್ಳಿಗಾಡಿನ ಬಹುತೇಕ ಕೌಂಟಿಗಳಲ್ಲಿ ಕ್ಲಬ್ಬಿನ ಗಡಿಯೂ ಅದೇ. ಗಡಿಯೊಳಗೆ ಹುಟ್ಟಿ ಬೆಳೆದವರು ಆ ಕ್ಲಬ್ಬಿಗೇ ಆಡಬೇಕು. ಗಡಿಯ ಆಚೆಯ ಕ್ಲಬ್ಬು ಎಷ್ಟೇ ದೊಡ್ಡದಾಗಿರಲಿ, ಎಷ್ಟೇ ಕಪ್ ಗೆದ್ದಿರಲಿ, ಅದರ ಕಡೆ ಕಣ್ಣು ಹಾಯಿಸುವಂತಿಲ್ಲ. ಗಡಿಯ ವಿವರವನ್ನು ಆಯಾ ಕೌಂಟಿಯ ಉಪನಿಯಮಗಳು ಬರೆದಿಟ್ಟಿರುತ್ತವೆ. ಡಬ್ಲಿನ್ನಿನಂಥ ನಗರದಲ್ಲಿ ಈ ಗೆರೆ ಸಡಿಲ. ಹಳ್ಳಿಯಲ್ಲಿ ಒಂದು ತೊರೆಯೋ ಕಾಲುದಾರಿಯೋ ಎರಡು ಕ್ಲಬ್ಬುಗಳ ನಡುವಿನ ಗಡಿಯಾಗಿರುವುದುಂಟು, ಒಂದೇ ಬಸ್ಸಿನಲ್ಲಿ ಒಂದೇ ಶಾಲೆಗೆ ಹೋಗುವ ಹುಡುಗರು ಸಂಜೆಯ ಹೊತ್ತಿಗೆ ಬೇರೆ ಬೇರೆ ಬಣ್ಣದ ಅಂಗಿ ತೊಡುತ್ತಾರೆ.

ನಮ್ಮ ಊರುಗಳಲ್ಲಿ ಹಬ್ಬದ ಕಬಡ್ಡಿ ಪಂದ್ಯಾವಳಿಗೆ ಹೊರಗಿನ ಒಳ್ಳೆಯ ರೈಡರ್‌ಗೆ ದುಡ್ಡು ಕೊಟ್ಟು ಕರೆಸಿ, ಒಂದು ರಾತ್ರಿಯ ಮಟ್ಟಿಗೆ ಊರಿನವನನ್ನಾಗಿ ಮಾಡಿಕೊಳ್ಳುತ್ತಾರಲ್ಲ, ಪ್ಯಾರಿಷ್ ರೂಲ್ ತಡೆಯುವುದು ಸರಿಯಾಗಿ ಅದನ್ನೇ. ಇದ್ದವರನ್ನೇ ಕಟ್ಟಿಕೊಂಡು ಆಡಬೇಕು. ಒಂದು ಪೀಳಿಗೆಯಲ್ಲಿ ಒಳ್ಳೆಯ ಗೋಲ್‌ಕೀಪರ್ ಹುಟ್ಟದಿದ್ದರೆ ಮುಂದಿನ ಪೀಳಿಗೆಗೆ ಕಾಯಬೇಕು.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಟಗಾರ ಮೊದಲು ಅಧಿಕೃತವಾಗಿ ಆಡಿದ ಕ್ಲಬ್ಬು ಅವನ ತವರು ಕ್ಲಬ್ಬು. ಬೇರೆ ಕಡೆ ಮನೆ ಮಾಡಿ ನೆಲೆಸಿದರೆ ವರ್ಗಾವಣೆಗೆ ಅರ್ಜಿ ಹಾಕಬಹುದು. ಒಂದೇ ಕೌಂಟಿಯೊಳಗಿನ ಅರ್ಜಿಯನ್ನು ಕೌಂಟಿಯ ಸಮಿತಿ ತೀರ್ಮಾನಿಸುತ್ತದೆ, ಕೌಂಟಿ ದಾಟುವ ಅರ್ಜಿ ಮೇಲಿನವರ ಬಳಿಗೆ ಹೋಗುತ್ತದೆ. ವಾಲ್ಷ್ ಡಬ್ಲಿನ್ ಕಡೆಯ ಓದು ಮತ್ತು ಓಡಾಟದ ಕಾರಣ ಕೊಟ್ಟರು. ತವರಿನ ಕ್ಲಬ್ಬಿಗೆ ಇಷ್ಟವಿರಲಿಲ್ಲ, ಆದರೂ ಅನುಮತಿ ಸಿಕ್ಕಿತು. ಸ್ವಾರಸ್ಯವೆಂದರೆ ಕ್ಲಬ್ಬು ಬದಲಾದರೂ ಕೌಂಟಿ ಬದಲಾಗಲಿಲ್ಲ, ಅವರು ಇಂದಿಗೂ ಗಾಲ್ವೇ ಆಟಗಾರರೇ. ನಿಯಮದ ಪ್ರಕಾರ ಅವರು ಮಾಡಿದ್ದು ಪೂರ್ತಿ ಸರಿ. ಜನರ ಸಿಟ್ಟು ನಿಯಮದ ಮೇಲಿರಲಿಲ್ಲ, ಅವರು ಸೇರಿದ ಕ್ಲಬ್ಬು ಎಂಥದ್ದು ಎಂಬುದರ ಮೇಲಿತ್ತು. ಕಿಲ್ಮಕಡ್ ಕ್ರೋಕ್ಸ್ ದಕ್ಷಿಣ ಡಬ್ಲಿನ್ನಿನ ಸ್ಥಿತಿವಂತ ಬಡಾವಣೆಯಲ್ಲಿರುವ, ಸಾವಿರಾರು ಸದಸ್ಯರಿರುವ ಭಾರಿ ಕ್ಲಬ್ಬು. ಹದಿನೈದು ಜನರನ್ನು ಹೊಂದಿಸಲು ತಿಣುಕುವ ಹಳ್ಳಿಗಳವರಿಗೆ ಅದು ಉಳ್ಳವರ ಮನೆಗೇ ಇನ್ನೊಂದು ಗಂಟು ಸೇರಿದಂತೆ ಕಂಡಿತು.

ಈಗ ಕ್ಲಿಫರ್ಡ್ ಕಡೆ ಬರೋಣ. ಅವರ ಊರು ಕಿಲಾರ್ನಿ ಪಟ್ಟಣದ ಅಂಚಿನ ಫೊಸಾ. ಕಿಲಾರ್ನಿಯಲ್ಲೇ ಡಾಕ್ಟರ್ ಕ್ರೋಕ್ಸ್ ಎಂಬ ಹೆಸರಾಂತ ಕ್ಲಬ್ಬಿದೆ, 2017ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದದ್ದು. ದೇಶದ ಅತ್ಯುತ್ತಮ ಫುಟ್‌ಬಾಲ್ ಆಟಗಾರ ಎನಿಸಿಕೊಂಡವರು ಅಲ್ಲಿ ಆಡುವುದಿಲ್ಲ, ಊರಿನ ಸಣ್ಣ ಕ್ಲಬ್ಬಿಗೇ ಆಡುತ್ತಾರೆ. ಕ್ಲಬ್ಬುಗಳನ್ನು ಸೀನಿಯರ್, ಇಂಟರ್‌ಮೀಡಿಯಟ್, ಜೂನಿಯರ್ ಎಂದು ವಿಂಗಡಿಸಿರುತ್ತಾರೆ. ಇದು ವಯಸ್ಸಿನ ಲೆಕ್ಕವಲ್ಲ, ಮಟ್ಟದ ಲೆಕ್ಕ. ಗೆದ್ದರೆ ಮೇಲಿನ ಮೆಟ್ಟಿಲು, ಸೋಲುತ್ತಾ ಹೋದರೆ ಕೆಳಗಿನದು. ಫೊಸಾ ಆಗ ಜೂನಿಯರ್ ದರ್ಜೆಯಲ್ಲಿತ್ತು. ಜುಲೈನಲ್ಲಿ ಕೆರಿಗೆ ಕಪ್ ಗೆದ್ದುಕೊಟ್ಟ ಕ್ಲಿಫರ್ಡ್ ಚಳಿಗಾಲದಲ್ಲಿ ಅಣ್ಣ ಪಾಡಿಯ ಜೊತೆ ಜೂನಿಯರ್ ಪಂದ್ಯಗಳಿಗೆ ಇಳಿದರು. 2023ರ ಜನವರಿಯಲ್ಲಿ ಕ್ರೋಕ್ ಪಾರ್ಕಿನಲ್ಲೇ ನಡೆದ ಜೂನಿಯರ್ ಕ್ಲಬ್ ಫೈನಲಿನಲ್ಲಿ ಫೊಸಾ ಟಿರೋನ್ ಕೌಂಟಿಯ ಸ್ಟುವರ್ಟ್ಸ್‌ಟೌನ್ ಹಾರ್ಪ್ಸ್ ತಂಡವನ್ನು ಸೋಲಿಸಿತು. ಆಟ ಎಷ್ಟು ಬಿಸಿಯೇರಿತೆಂದರೆ ಅಣ್ಣ-ತಮ್ಮ ಇಬ್ಬರನ್ನೂ ರೆಫರಿ ಹೊರಗೆ ಕಳಿಸಿದರು. ಕೌಂಟಿ ಫೈನಲಿಗಿಂತ ಊರಿನ ಪಂದ್ಯದಲ್ಲಿ ರಕ್ತ ಬೇಗ ಕುದಿಯುತ್ತದೆ.

ಸಣ್ಣ ಕ್ಲಬ್ಬಿನ ಆಟಗಾರನಿಗೆ ಮೇಲಿನ ದರ್ಜೆಯ ರುಚಿ ಸಿಗಲೆಂದು ಕೆರಿ ಒಂದು ಉಪಾಯ ಕಂಡುಕೊಂಡಿದೆ. ಅಲ್ಲಿನ ಕೌಂಟಿ ಸೀನಿಯರ್ ಪಂದ್ಯಾವಳಿಗೆ ನೆರೆಹೊರೆಯ ಕಿರಿಯ ದರ್ಜೆಯ ಕ್ಲಬ್ಬುಗಳು ಸೇರಿ ಒಂದು ವಿಭಾಗೀಯ ತಂಡ ಕಟ್ಟಬಹುದು. ಕ್ಲಿಫರ್ಡ್ ಹೀಗೆ ಈಸ್ಟ್ ಕೆರಿ ಪರವಾಗಿಯೂ ಆಡುತ್ತಾರೆ. ವರ್ಷವಿಡೀ ಗುದ್ದಾಡಿದವರು ಕೆಲವು ವಾರ ಒಂದೇ ಅಂಗಿ ತೊಡುತ್ತಾರೆ.

ಪೈಪೋಟಿ ದೂರದವರ ಜೊತೆ ಬೆಳೆಯುವುದಿಲ್ಲ, ಪಕ್ಕದವರ ಜೊತೆಯೇ ಬೆಳೆಯುವುದು. ಕಾರ್ಕ್ ನಗರದ ಉತ್ತರಕ್ಕೆ ಗ್ಲೆನ್ ರೋವರ್ಸ್, ದಕ್ಷಿಣಕ್ಕೆ ಸೇಂಟ್ ಫಿನ್‌ಬಾರ್ಸ್, ಪೂರ್ವದಲ್ಲಿ ಬ್ಲ್ಯಾಕ್‌ರಾಕ್. ಮೂರೂ ಹರ್ಲಿಂಗಿನ ಹಳೆಯ ಮನೆತನಗಳಿದ್ದಂತೆ. ಮುಂದೆ ಐರ್ಲೆಂಡಿನ ಪ್ರಧಾನಿಯಾದ ಜ್ಯಾಕ್ ಲಿಂಚ್ ಗ್ಲೆನ್ ರೋವರ್ಸ್ ಆಟಗಾರರು. ಇಂಥ ಎದುರಾಳಿಗಳ ಪಂದ್ಯಕ್ಕೆ ರೆಫರಿಯನ್ನು ಮೂರನೆಯ ಕ್ಲಬ್ಬಿನಿಂದ ಆರಿಸುತ್ತಾರೆ. ಗೋಲು ಕಂಬಗಳ ಬಳಿ ಬಿಳಿ ಕೋಟು ತೊಟ್ಟ ನಾಲ್ವರು ಅಂಪೈರ್‌ಗಳು ನಿಂತಿರುತ್ತಾರೆ, ಗೋಲಿಗೆ ಹಸಿರು ಬಾವುಟ, ಪಾಯಿಂಟಿಗೆ ಬಿಳಿ ಬಾವುಟ ಬೀಸುತ್ತಾರೆ. ಸಾಮಾನ್ಯವಾಗಿ ಅವರು ರೆಫರಿಯೇ ತನ್ನ ಕಾರಿನಲ್ಲಿ ಕರೆತಂದ ಗೆಳೆಯರು ಅಥವಾ ನೆಂಟರು. ಎರಡೂ ಊರುಗಳ ಬೈಗುಳ ಕೇಳಿಸಿಕೊಳ್ಳಲು ನೆಚ್ಚಿನ ಜನ ಜೊತೆಗಿರಬೇಕಲ್ಲ.

ಫೈನಲಿಗೆ ಎರಡು ವಾರ ಇರುವಾಗಲೇ ಊರಿನ ಚಹರೆ ಬದಲಾಗುತ್ತದೆ. ದೀಪದ ಕಂಬಗಳಿಗೆ ತೋರಣ, ಅಂಗಡಿ ಗಾಜುಗಳಿಗೆ ಬಣ್ಣ, ರಸ್ತೆ ಬದಿಯಲ್ಲಿ ಕ್ಲಬ್ಬಿನ ಬಣ್ಣ ಬಳಿದ ಹಳೆಯ ಕಾರು. ಕೆಲವು ಕಡೆ ಕುರಿಗಳಿಗೂ ಬಣ್ಣ ಬೀಳುತ್ತದೆ. ಕ್ಲಬ್ಬಿಗೆ ದುಡಿದವರು ತೀರಿಕೊಂಡರೆ ಸದಸ್ಯರು ಜೆರ್ಸಿ ತೊಟ್ಟು ಎರಡು ಸಾಲಾಗಿ ನಿಂತು ಶವಪೆಟ್ಟಿಗೆಗೆ ಗೌರವ ಸಲ್ಲಿಸುತ್ತಾರೆ. ಅಂಥ ದಿನ ಎದುರಾಳಿ ಕ್ಲಬ್ಬಿನವರೂ ಬಂದು ನಿಲ್ಲುತ್ತಾರೆ.

ಕ್ಲಬ್ಬುಗಳ ನಡುವಿನ ಹಗೆಗೆ ಅವುಗಳ ಆಟಗಾರರನ್ನು ಒಟ್ಟು ಸೇರಿಸುವ ಕೌಂಟಿ ತಂಡವೇ ಮದ್ದು. ಅಕ್ಟೋಬರಿನಲ್ಲಿ ಪಕ್ಕೆಗೆ ಮೊಣಕೈ ಕೊಟ್ಟವನ ಪಕ್ಕದಲ್ಲೇ ಫೆಬ್ರವರಿಯಲ್ಲಿ ನಿಂತು ಆಡಬೇಕು. 2022ರಿಂದ ವರ್ಷವನ್ನು ಎರಡು ಪಾಲು ಮಾಡಿದ್ದಾರೆ. ಜುಲೈವರೆಗೆ ಕೌಂಟಿ ಪಂದ್ಯಗಳು, ಆಮೇಲೆ ಕ್ಲಬ್ಬಿನವು. ಅಕ್ಟೋಬರ್ ಸುಮಾರಿಗೆ ಕೌಂಟಿಯ ಕ್ಲಬ್ ಫೈನಲ್‌ಗಳು, ಅಲ್ಲಿ ಗೆದ್ದವರು ಅಲ್ಸ್ಟರ್, ಮನ್‌ಸ್ಟರ್, ಲೆನ್‌ಸ್ಟರ್, ಕಾನಕ್ಟ್ ಎಂಬ ನಾಲ್ಕು ಪ್ರಾಂತ್ಯಗಳ ಸುತ್ತಿಗೆ, ಅಲ್ಲಿಂದ ಜನವರಿಯ ಅಖಿಲ ಐರ್ಲೆಂಡ್ ಫೈನಲಿಗೆ. ಮೊದಲು ಈ ಫೈನಲ್ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದಂದು ನಡೆಯುತ್ತಿತ್ತು.

ಫೊಸಾ ಗೆದ್ದ ಮರುವಾರ, 2023ರ ಜನವರಿ 22ರಂದು, ಸೀನಿಯರ್ ಫೈನಲ್. ವಾಲ್ಷ್ ಇದ್ದ ಕಿಲ್ಮಕಡ್ ಒಂದು ಕಡೆ, ಡೆರಿ ಕೌಂಟಿಯ ಮಹೆರಾ ಊರಿನ ಗ್ಲೆನ್ ಇನ್ನೊಂದು ಕಡೆ. ಕಿಲ್ಮಕಡ್ 1-11, ಗ್ಲೆನ್ 1-9. ಕೊನೆಯ ಕ್ಷಣಗಳಲ್ಲಿ ಬದಲಿ ಆಟಗಾರರು ಒಳಬಂದರೂ ಹೊರಹೋಗಬೇಕಾದವರು ಹೋಗಿರಲಿಲ್ಲ, ಕಿಲ್ಮಕಡ್ ಕಡೆ ಹದಿನೈದಕ್ಕಿಂತ ಹೆಚ್ಚು ಮಂದಿ ಮೈದಾನದಲ್ಲಿದ್ದರು. ಗ್ಲೆನ್ ದೂರು ಕೊಟ್ಟಿತು, ಮರುಪಂದ್ಯಕ್ಕೆ ಆದೇಶವಾಯಿತು, ಮೇಲ್ಮನವಿ ಬಂತು. ಕೊನೆಗೆ ಗ್ಲೆನ್ ಹೋರಾಟ ಕೈಬಿಟ್ಟಿತು, ಕಪ್ ಕಿಲ್ಮಕಡ್ ಬಳಿಯೇ ಉಳಿಯಿತು. ಮುಂದಿನ ವರ್ಷ ಸೆಮಿಫೈನಲಿನಲ್ಲಿ ಅದೇ ಕಿಲ್ಮಕಡನ್ನು ಸೋಲಿಸಿ, ಫೈನಲಿನಲ್ಲಿ ರಾಸ್‌ಕಾಮನ್ ಕೌಂಟಿಯ ಸೇಂಟ್ ಬ್ರಿಜಿಡ್ಸ್ ವಿರುದ್ಧ ಗೆದ್ದು ಗ್ಲೆನ್ ಬಾಕಿ ತೀರಿಸಿಕೊಂಡಿತು. ತಕರಾರು ಜಿಎಎಗೆ ಹೊಸದಲ್ಲ. ಒಂದು ಕಾಲಕ್ಕೆ ಅರ್ಜಿ ಐರ್ಲೆಂಡಿನಲ್ಲೇ ತಯಾರಾದ ಕಾಗದದ ಮೇಲಿಲ್ಲ ಎಂಬ ಕಾರಣಕ್ಕೇ ತಿರಸ್ಕಾರವಾಗುತ್ತಿತ್ತು.

ಈ ವ್ಯವಸ್ಥೆಗೆ ತೂತುಗಳಿವೆ. ಆಟಗಾರನನ್ನು ಹೊರಗಿನಿಂದ ತರುವಂತಿಲ್ಲ, ಆದರೆ ಮ್ಯಾನೇಜರನ್ನು ತರಬಹುದು. ಗ್ಲೆನ್ ತಂಡವನ್ನು ಗೆಲ್ಲಿಸಿದ ಮ್ಯಾನೇಜರ್ ಮಲಾಕಿ ಓ'ರೂರ್ಕ್ ಅವರೇ ಫರ್ಮಾನಾ ಕೌಂಟಿಯವರು. ಹೊರಗಿನ ಮ್ಯಾನೇಜರ್‌ಗಳಿಗೆ ಮೇಜಿನಡಿಯಿಂದ ದುಡ್ಡು ಸೇರುತ್ತದೆಂಬ ಮಾತು ಅಲ್ಲಿ ಹಳೆಯದು, ಯಾವ ಕ್ಲಬ್ಬೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೂ ದೊಡ್ಡ ಸಮಸ್ಯೆ ಜನಸಂಖ್ಯೆಯದು. ಪಶ್ಚಿಮದ ಹಳ್ಳಿಗಳಿಂದ ಯುವಕರು ಡಬ್ಲಿನ್ನಿಗೋ ಆಸ್ಟ್ರೇಲಿಯಾಕ್ಕೋ ಹೊರಡುತ್ತಾರೆ, ನೂರು ವರ್ಷ ಹಗೆ ಸಾಧಿಸಿದ ಎರಡು ಕ್ಲಬ್ಬುಗಳು ಮಕ್ಕಳ ತಂಡಕ್ಕೆ ಕೈಜೋಡಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಪ್ಯಾರಿಷ್ ರೂಲ್ ಒಳ್ಳೆಯ ನಿಯಮವೇ. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಜನ ತುಂಬಿದ ಹಳ್ಳಿ. ನಗರದ ಕ್ಲಬ್ಬುಗಳಿಗೆ ಗಾತ್ರದ ಮಿತಿ ಇಲ್ಲದಿರುವಾಗ ಹಳ್ಳಿಗೆ ಮಾತ್ರ ಬೇಲಿ ಹಾಕುವುದು ನ್ಯಾಯವಲ್ಲ.

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ ತಂದೆತಾಯಿಗಳಿಗೆ ಒಂದು ಮಾತು. ನಿಮ್ಮ ಮಗು ಶಾಲೆಯಿಂದ ಹರ್ಲಿಂಗ್ ಕೋಲು ಬೇಕೆಂದು ಕೇಳುತ್ತಾ ಬರುವ ದಿನ ದೂರವಿಲ್ಲ. ಹತ್ತಿರದ ಕ್ಲಬ್ಬಿನಲ್ಲಿ ವಾರಾಂತ್ಯದ ಬೆಳಿಗ್ಗೆ ಪುಟಾಣಿಗಳ ತರಬೇತಿ ಇರುತ್ತದೆ. ಹುಡುಗಿಯರ ಫುಟ್‌ಬಾಲಿಗೆ ಮತ್ತು ಕಮೋಗಿ ಎಂಬ ಹುಡುಗಿಯರ ಹರ್ಲಿಂಗಿಗೆ ಬೇರೆ ಸಂಸ್ಥೆಗಳಿದ್ದರೂ ಹೆಚ್ಚಿನ ಕಡೆ ಮೈದಾನ ಒಂದೇ, ಅಂಗಿಯ ಬಣ್ಣ ಒಂದೇ. ಸೇರಿಸುವ ಮುನ್ನ ನಿಮ್ಮ ಮನೆ ಯಾವ ಕ್ಲಬ್ಬಿನ ಗಡಿಯೊಳಗಿದೆ ಎಂದು ವಿಚಾರಿಸಿಕೊಳ್ಳಿ. ಬಾಡಿಗೆ ಮನೆ ಬದಲಾಯಿಸುವ ಯೋಚನೆಯಿದ್ದರೆ ಅದನ್ನೂ ಮೊದಲೇ ತೀರ್ಮಾನಿಸಿ. ಮಗು ಮೊದಲು ಯಾವ ಕ್ಲಬ್ಬಿಗೆ ಆಡುತ್ತದೋ ದಾಖಲೆಯಲ್ಲಿ ಅದೇ ಅದರ ತವರು, ಆಮೇಲೆ ಬದಲಾಯಿಸಲು ಅರ್ಜಿ ಹಿಡಿದು ಸಮಿತಿಯ ಮುಂದೆ ನಿಲ್ಲಬೇಕಾಗುತ್ತದೆ.