ಮುಖದ ತುರಿಕೆಗೆ ಕಾರಣ ಹೊಲದ ಬದುವಿನ ಮ್ಯಾಲಿತ್ತು

ಈ ವಾರ ನನ್ನ ಮುಖದ ಕಥಿ ಹೇಳ್ತೀನಿ. ನಿಮ್ಮಲ್ಲಿ ಕೆಲವರ ಕಥೀನೂ ಇದೇ ಇರಬಹುದು.

ನೇಸರಗಿಯಲ್ಲಿ ನಮ್ಮದು ನಾಲ್ಕು ಎಕರೆ ಹೊಲ. ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ, ಜೋಳ. ಎರಡು ವರ್ಷದ ಹಿಂದೆ ಸೋಯಾದಲ್ಲಿ ಎಡೆ ಹೊಡೆಯುವ ಹೊತ್ತಿಗೆ ಕಣ್ಣಿನ ರೆಪ್ಪೆ ಮೇಲೆ ತುರಿಕೆ ಶುರುವಾಯ್ತು. ಆಮೇಲೆ ಕುತ್ತಿಗೆ, ಕಿವಿಯ ಹಿಂದೆ, ಮೊಳಕೈ ಮಡಿಕೆ. ಚರ್ಮ ಮೊದಲು ಕೆಂಪಾಯ್ತು, ನಂತರ ದಪ್ಪಾಗಿ ಕಪ್ಪಾಯ್ತು. ಬ್ಯಾಸಗಿಯಲ್ಲಿ ಸ್ವಲ್ಪ ಕಡಿಮೆ, ಮಳೆ ಬಿತ್ತಂದ್ರ ಮತ್ತ ಅದ.

"ಔಷಧ ಹೊಡಿವಾಗ ಮುಖಕ್ಕ ಬಟ್ಟಿ ಕಟ್ಟಿಕೊ ಅಂದ್ರ ಕೇಳೂದಿಲ್ಲ ನೀ" ಅಂತ ಅಣ್ಣ ಬೈದ. ಅವ್ವ ನಂಜು ಅಂದ್ಲು, ಬದನೀಕಾಯಿ ಬಿಡಿಸಿದ್ಲು. ಓಣಿಯಲ್ಲಿ ಯಾರೋ "ಕುಷ್ಠ ಇರಬೇಕು" ಅಂದದ್ದೂ ಕಿವಿಗೆ ಬಿತ್ತು. ಆಗ ನನಗೆ ಹೆಣ್ಣು ನೋಡುತ್ತಿದ್ದರು. ಒಂದು ಮನೆಯವರು ಬಂದು, ಚಹಾ ಕುಡಿದು, ನನ್ನ ಮುಖ ನೋಡಿ ಹೋದವರು ಮತ್ತೆ ಫೋನ್ ಮಾಡಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು, ಮೆಡಿಕಲ್ ಅಂಗಡಿಯಲ್ಲಿ ಮುಖ ತೋರಿಸಿ ಟ್ಯೂಬ್ ತಂದದ್ದು. ಮೂರು ದಿನಕ್ಕೆ ಮುಖ ಸ್ವಚ್ಛ, ಬಿಟ್ಟ ಕೂಡಲೇ ದುಪ್ಪಟ್ಟು. ಹೀಗೆ ಎಂಟು ತಿಂಗಳು ಹಚ್ಚಿದೆ. ಅದರೊಳಗೆ ಇದ್ದದ್ದು ಕ್ಲೋಬೆಟಾಸಾಲ್ ಎಂಬ ಬಲು ಜೋರಿನ ಸ್ಟಿರಾಯ್ಡ್. ಅದನ್ನು ಮುಖಕ್ಕೆ ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಕೆಂಪು ನರ ಕಾಣುತ್ತವೆ, ಗುಳ್ಳೆ ಏಳುತ್ತವೆ. ಮೂಲ ಕಾರಣ ಮಾತ್ರ ಇದ್ದಲ್ಲೇ ಇರುತ್ತೆ.

ಕಡೆಗೆ ಬೆಳಗಾವಿಯಲ್ಲಿ ಚರ್ಮರೋಗ ತಜ್ಞರನ್ನು ಕಂಡೆ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ತುರಿಸೋದಿಲ್ಲ, ಅಲ್ಲಿ ಮುಟ್ಟಿದ್ದು ಸರಿಯಾಗಿ ಗೊತ್ತಾಗೋದಿಲ್ಲ ಅಂತ ಹೇಳಿ ಮೊದಲು ಆ ಅಂಜಿಕೆ ಕಳೆದರು. (ಕುಷ್ಠಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧ ಐತಿ, ವಾಸಿಯಾಗುತ್ತೆ.) ಆಮೇಲೆ ಒಂದು ಕೆಲಸ ಹಚ್ಚಿದರು: ದಿನಾ ಮುಖದ ಫೋಟೊ ತೆಗೆದು, ಆ ದಿನ ಏನು ಕೆಲಸ ಮಾಡಿದೆ ಅಂತ ಮೊಬೈಲ್‌ನಲ್ಲಿ ಬರೆದಿಡಬೇಕು.

ಒಂದು ತಿಂಗಳು ಬರೆದೆ. ಔಷಧ ಹೊಡೆದ ದಿನಕ್ಕೂ ತುರಿಕೆ ಹೆಚ್ಚಾದ ದಿನಕ್ಕೂ ತಾಳೆ ಆಗಲಿಲ್ಲ. ಬದುವಿನ ಕಸ ತೆಗೆದ ಮರುದಿನ ಮಾತ್ರ ಪ್ರತಿ ಸಲ ರೆಪ್ಪೆ ಬಾತಿರುತ್ತಿತ್ತು. ಮಳೆ ಹಿಡಿದು ಮೂರು ದಿನ ಮನೆಯಲ್ಲಿ ಕೂತಾಗ ಕಡಿಮೆ ಆಗಿತ್ತು.

ಡಾಕ್ಟರ್ ನನ್ನ ಗದ್ದ ಎತ್ತಿ ನೋಡಿ ಹೇಳಿದ್ದು ಇದು: ಬರೀ ಬಿಸಿಲಿನ ಅಲರ್ಜಿ ಆಗಿದ್ದರೆ ರೆಪ್ಪೆ, ಗದ್ದದ ಕೆಳಗೆ, ಕಿವಿ ಹಿಂದೆ ಸಾಮಾನ್ಯವಾಗಿ ಉಳಿಯುತ್ತಿತ್ತು, ಅಲ್ಲಿ ನೆರಳು. ನನಗೆ ಅಲ್ಲೇ ಹೆಚ್ಚು. ಅಂದರೆ ಗಾಳಿಯಲ್ಲಿ ಬರುವ ದೂಳು. ಖಾತ್ರಿ ಮಾಡಲು ಪ್ಯಾಚ್ ಪರೀಕ್ಷೆ ಮಾಡಿದರು. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, ಎರಡು ದಿನದ ಮೇಲೆ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಒಂದು ಪಟ್ಟಿಯ ಜಾಗ ಕೆಂಪಾಗಿ ಉಬ್ಬಿತ್ತು. ಅದು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಕಸ.

ಈ ಕಸವನ್ನು 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಿದರು. ಹೊರದೇಶದ ಗೋಧಿ ಕಾಳಿನ ಜೊತೆ ಬಂತು ಅಂತಾರೆ. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವೇ ಅಲರ್ಜಿಗೆ ಮುಖ್ಯ ಕಾರಣ. ಗಿಡ ಮುಟ್ಟಬೇಕು ಅಂತಿಲ್ಲ, ಒಣಗಿದ ಎಲೆ, ಹೂವಿನ ಪುಡಿ ಗಾಳಿಗೆ ಬಂದು ಕೂತರೂ ಸಾಕು. ವರ್ಷಾನುಗಟ್ಟಲೆ ಏನೂ ಆಗದವನಿಗೂ ಒಂದು ದಿನ ಶುರುವಾಗಬಹುದು. ಇದೇ ಜಾತಿಯ ಸೇವಂತಿಗಿ, ಸೂರ್ಯಕಾಂತಿಯೂ ಕೆಲವರಿಗೆ ತಡೆಯೋದಿಲ್ಲ.

ಈಗ ನಮ್ಮ ಹೊಲದಲ್ಲಿ ಹೀಗೆ ಮಾಡ್ತೀವಿ:

- ಹೂ ಬಿಡುವ ಮೊದಲೇ, ನೆಲ ಹಸಿ ಇದ್ದಾಗ ಬೇರುಸಹಿತ ಕೀಳೋದು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ.
- ಕೀಳುವವರು ಕೈಗವಸು, ತುಂಬುತೋಳಿನ ಅಂಗಿ ಹಾಕೋದು, ಮುಖಕ್ಕೆ ಬಟ್ಟೆ ಕಟ್ಟೋದು. ಅಲರ್ಜಿ ಇರುವ ನಾನು ಕೀಳೋದಿಲ್ಲ, ಅಣ್ಣ ಕೀಳ್ತಾನ.
- ಹೂ ಬಿಡದ ಗಿಡ ಮಾತ್ರ ಗೊಬ್ಬರದ ಗುಂಡಿಗೆ.
- ಎಲೆ ತಿನ್ನುವ ಮೆಕ್ಸಿಕನ್ ದುಂಬಿ ಕಂಡರೆ ಅದರ ಮೇಲೆ ಔಷಧ ಹೊಡೆಯೋದಿಲ್ಲ. ಈ ಕಸಕ್ಕಂತಲೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು.
- ಹೊಲದಿಂದ ಬಂದ ಕೂಡಲೇ ಸ್ನಾನ. ಕೆಲಸದ ಬಟ್ಟೆ ಬೇರೆ ಇಡೋದು.

ನನ್ನ ಅಲರ್ಜಿ ಪೂರ್ತಿ ಹೋಗಿಲ್ಲ, ಹೋಗೋದು ಕಷ್ಟ ಅಂದಾರ ಡಾಕ್ಟರ್. ಆದರೆ ಅವರು ಹೇಳಿದಷ್ಟು ದಿನ ಮಾತ್ರ ಔಷಧ ತಗೊಂಡು, ಬದು ಸ್ವಚ್ಛ ಇಟ್ಟ ಮೇಲೆ ಈ ಮಳೆಗಾಲದಲ್ಲಿ ರಾತ್ರಿ ನಿದ್ದೆ ಬಂತು. ಹೊಲ ಲಾವಣಿಗೆ ಕೊಟ್ಟು ಊರು ಬಿಡಬೇಕು ಅಂತ ಮಾಡಿದ್ದೆ, ಅದನ್ನ ಕೈಬಿಟ್ಟೆ.

ನಿಮ್ಮ ಮುಖದ ತುರಿಕೆ ಎರಡು ವಾರ ದಾಟಿದ್ದರೆ ಟ್ಯೂಬ್ ತರಬ್ಯಾಡ್ರಿ. ಇವತ್ತೇ ಒಂದು ಫೋಟೊ ತಗೀರಿ, ಇವತ್ತಿನ ಕೆಲಸ ಬರೀರಿ. ಡಾಕ್ಟರ್ ಹತ್ರ ಹೋಗುವಾಗ ಆ ಮೊಬೈಲ್ ತಗೊಂಡ ಹೋಗ್ರಿ.